ಪೆನ್ಸಿಲ್ ಗುರುತು ಹಾಕಿದ ಜಾಗ: ಕಾಲು ಕಳೆದುಕೊಂಡ ಸರ್ಕಾರಿ ಚಾಲಕರೊಬ್ಬರ ಪ್ರಕರಣ

ಇದು ಮಂಗಳೂರು ಕಡೆಯ ಒಬ್ಬ ಸರ್ಕಾರಿ ಚಾಲಕರ ಪ್ರಕರಣ. ಅವರ ಹೆಸರು, ಇಲಾಖೆ, ಊರು, ವರ್ಷ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಾಯಿಸಿದ್ದೇನೆ. ಬರೆದದ್ದನ್ನು ಅವರಿಗೂ ಅವರ ಮನೆಯವರಿಗೂ ಓದಿ ಹೇಳಿದ್ದೇನೆ. ಅವರು ಸರಿ ಅಂದ ಮೇಲೆಯೇ ಹಂಚಿಕೊಳ್ಳುತ್ತಿದ್ದೇನೆ. ನಾವೆಲ್ಲ ಅವರನ್ನು ಡ್ರೈವರಣ್ಣ ಅಂತಲೇ ಕರೆಯುವುದು, ಇಲ್ಲಿಯೂ ಅದೇ ಇರಲಿ.

ನನ್ನ ಬಗ್ಗೆ ಎರಡು ಮಾತು. ನಾನು ಸರ್ಕಾರಿ ಕಚೇರಿಯೊಂದರ ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್‌ನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಸೇವಾ ಪುಸ್ತಕ, ರಜೆ ಲೆಕ್ಕ, ಪಿಂಚಣಿ ಕಡತ, ಇವುಗಳ ನಡುವೆಯೇ ಮೂವತ್ತು ವರ್ಷ ಕಳೆದೆ. ಈಗ ಶನಿವಾರ ಮಧ್ಯಾಹ್ನ ನಾವು ನಾಲ್ಕೈದು ಮಂದಿ ಒಟ್ಟಿಗೆ ಕೂತು ವಿಕಲಚೇತನರಿಗೆ ಅರ್ಜಿ ಬರೆದುಕೊಡುತ್ತೇವೆ. ಹೆಚ್ಚಾಗಿ ಬರುವುದು ಮಾಸಾಶನ, ಬಸ್ ಪಾಸ್, ಯುಡಿಐಡಿ ಕಾರ್ಡಿನ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯ) ಕೆಲಸ. ಡ್ರೈವರಣ್ಣನ ಮನೆಯವರು ಬಂದದ್ದೂ ಮಾಸಾಶನದ ಅರ್ಜಿ ಹಿಡಿದುಕೊಂಡೇ.

ಹಿನ್ನೆಲೆ

ಡ್ರೈವರಣ್ಣನಿಗೆ ಆಗ 46 ವರ್ಷ. ಎಸ್ಸೆಸ್ಸೆಲ್ಸಿ ಪಾಸು. ಇಲಾಖೆಯ ಜೀಪು ಓಡಿಸಲು ಸೇರಿ 15 ವರ್ಷ ಆಗಿತ್ತು. ಒಂದು ಸಣ್ಣ ಆಕ್ಸಿಡೆಂಟ್ ಕೂಡ ಅವರ ಹೆಸರಲ್ಲಿ ಇರಲಿಲ್ಲ. ಮನೆಯಲ್ಲಿ ವಯಸ್ಸಾದ ಅಮ್ಮ, ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿದ್ದ ಮಗ, ಪಿಯುಸಿ ಓದುವ ಮಗಳು. ಹೆಂಡತಿ ಬೀಡಿ ಕಟ್ಟುತ್ತಾರೆ.

ಅವರಿಗೆ ಒಂಬತ್ತು ವರ್ಷದಿಂದ ಶುಗರ್ ಇತ್ತು. ಜೂನ್ ತಿಂಗಳ ಜಡಿಮಳೆಯಲ್ಲಿ ಇಡೀ ದಿನ ಒದ್ದೆ ಶೂ ಹಾಕಿಕೊಂಡು ಓಡಾಡಿದ್ದರು. ಎಡಗಾಲಿನ ಹೆಬ್ಬೆರಳ ಪಕ್ಕ ಗುಳ್ಳೆ ಎದ್ದಿತು. ನೋವೇ ಇರಲಿಲ್ಲ. ಶುಗರ್ ಜಾಸ್ತಿ ವರ್ಷ ಇದ್ದರೆ ಪಾದದ ನರಗಳು ಸತ್ತಂತೆ ಆಗುತ್ತವೆ, ಗಾಯ ಆದದ್ದೇ ಗೊತ್ತಾಗುವುದಿಲ್ಲ. ಗೊತ್ತಾಗುವಾಗ ಬೆರಳು ಕಪ್ಪಾಗಿತ್ತು. ಮೊದಲು ಬೆರಳು ತೆಗೆದರು. ಮೂರು ವಾರದ ಮೇಲೆ ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆಯಬೇಕಾಯಿತು.

ಗಾಯ ಒಣಗಿ ಕೃತಕ ಕಾಲಿನ ಅಳತೆ ಕೊಡುವಾಗ ನಾಲ್ಕು ತಿಂಗಳು ದಾಟಿತ್ತು. ಎಡಗಾಲು ಅಂದರೆ ಕ್ಲಚ್ ತುಳಿಯುವ ಕಾಲು. ಬಸ್ಸಿನಲ್ಲಿ ಸುಮ್ನೆ ಕೂತಿರುವಾಗಲೂ ಗೇರ್ ಬದಲಾಯಿಸುವ ಸದ್ದು ಕೇಳಿದರೆ ತೊಡೆ ತನ್ನಷ್ಟಕ್ಕೇ ಮುಂದೆ ಹೋಗುತ್ತದೆ ಅಂತ ಅವರು ಹೇಳುತ್ತಿದ್ದರು. ನಾನೇ ಒಮ್ಮೆ ಪಕ್ಕದಲ್ಲಿ ಕೂತು ನೋಡಿದ್ದೇನೆ.

ಸಮಸ್ಯೆ ಶುರುವಾದದ್ದು

ಅಪ್ಪನ ಕಾಯಿಲೆಗೂ ಮನೆ ಕಟ್ಟುವಾಗಲೂ ಡ್ರೈವರಣ್ಣ ತುಂಬ ರಜೆ ಹಾಕಿದ್ದರು. ಉಳಿದ ರಜೆ ಬೇಗ ಕರಗುತ್ತಾ ಬಂತು. ನವೆಂಬರಿನಲ್ಲಿ ಕಚೇರಿ ಅವರನ್ನು ವೈದ್ಯಕೀಯ ಮಂಡಳಿಗೆ ಕಳಿಸಿತು. ಮಂಡಳಿಯಿಂದ ಒಂದೇ ಸಾಲಿನ ಉತ್ತರ: ಚಾಲಕ ಹುದ್ದೆಯಲ್ಲಿ ಮುಂದುವರಿಯಲು ಅನರ್ಹರು.

ಎರಡು ವಾರದ ಮೇಲೆ ಕಚೇರಿಯ ಸೂಪರಿಂಟೆಂಡೆಂಟರು ಮನೆಗೇ ಬಂದರು. ಕೈಯಲ್ಲಿ ಹಣ್ಣಿನ ಚೀಲ, ಜೊತೆಗೆ ಟೈಪ್ ಮಾಡಿದ ಒಂದು ಕಾಗದ. "ಅನಾರೋಗ್ಯದ ಕಾರಣ ನಾನು ಸ್ವಇಚ್ಛೆಯಿಂದ ಸೇವೆಯಿಂದ ನಿವೃತ್ತಿ ಕೋರುತ್ತೇನೆ" ಅಂತ ಅದರಲ್ಲಿತ್ತು. ಕೆಳಗೆ ಸಹಿ ಹಾಕುವ ಜಾಗದಲ್ಲಿ ಪೆನ್ಸಿಲಿನಲ್ಲಿ ಸಣ್ಣ ಇಂಟು ಗುರುತು.

"ನೀವು ಸುಮ್ನೆ ಸೈನ್ ಹಾಕಿ ಕೊಡಿ. ಮಗನಿಗೆ ಏನಾದ್ರೂ ಕೆಲಸ ಮಾಡಿಸ್ಲಿಕ್ಕೆ ಆಗ್ತದಾ ನೋಡುವ" ಅಂದರಂತೆ.

ಅವರು ಕೆಟ್ಟ ಮನುಷ್ಯ ಅಲ್ಲ, ಇದನ್ನು ನಾನು ಖಚಿತವಾಗಿ ಹೇಳುತ್ತೇನೆ. ಆಸ್ಪತ್ರೆಗೆ ಎರಡು ಸಲ ಬಂದು ನೋಡಿದ್ದರು, ಕೈಯಿಂದ ದುಡ್ಡು ಕೊಟ್ಟಿದ್ದರು. ಡ್ರೈವರಣ್ಣನಿಗೆ ಒಳ್ಳೆಯದಾಗಲಿ ಅಂತಲೇ ಆ ಕಾಗದ ತಂದಿದ್ದರು. ಹೆಚ್ಚಿನ ಜನರ ಕೆಲಸ ಹೋಗುವುದು ಹೀಗೆಯೇ. ಯಾರೂ ಗದರಿಸುವುದಿಲ್ಲ, ಪ್ರೀತಿಯಿಂದಲೇ ಸಹಿ ಕೇಳುತ್ತಾರೆ.

ಮನೆಯಲ್ಲಿ ಎರಡು ಪಕ್ಷ ಆಯಿತು. ಸಹಿ ಹಾಕು, ಮಗನಾದರೂ ಉದ್ಧಾರ ಆಗಲಿ ಅಂತ ಭಾವ ಹೇಳಿದರು. ಅಮ್ಮನದ್ದೂ ಅದೇ ಮಾತು. ಡ್ರೈವರಣ್ಣ ಪೆನ್ನು ಹಿಡಿದೂ ಆಗಿತ್ತಂತೆ. ತಡೆದದ್ದು ಹೆಂಡತಿ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಮಗನಿಗೆ ಕೆಲಸ ಕೊಡ್ತೇವೆ ಅಂತ ಇದ್ರಲ್ಲಿ ಎಲ್ಲಿ ಬರೆದದ್ದುಂಟು?" ಎಲ್ಲಿಯೂ ಬರೆದಿರಲಿಲ್ಲ. ಕಾಗದವನ್ನು ಅವರು ಬೀಡಿ ಎಲೆಯ ಕಟ್ಟಿನ ಕೆಳಗೆ ಇಟ್ಟುಬಿಟ್ಟರು.

ಈ ಇಡೀ ಪ್ರಕರಣದ ಮೊದಲ ತಿರುವು ಅದು. ಕಾನೂನು ಗೊತ್ತಿದ್ದು ತಡೆದದ್ದಲ್ಲ. ಬರಹದಲ್ಲಿ ಇಲ್ಲದ ಮಾತಿಗೆ ಸಹಿ ಹಾಕುವುದು ಬೇಡ ಅನ್ನುವ ಅವರ ಸಾದಾ ಎಚ್ಚರಿಕೆ.

ನಾವು ಮೊದಲು ಮಾಡಿದ್ದು, ತಪ್ಪಿದ್ದು

ಮುಂದಿನ ಶನಿವಾರ ಆ ಅಕ್ಕ ನಮ್ಮ ಹತ್ತಿರ ಬಂದರು. ಪಂಚಾಯತ್‌ನಲ್ಲಿ ಯಾರೋ ಹೇಳಿದ್ದಾರೆ, ಮಾಸಾಶನಕ್ಕೆ ಅರ್ಜಿ ಹಾಕಬೇಕು ಅಂದರು. ನಮ್ಮ ಜೊತೆಯವರು ಫಾರಂ ತುಂಬಲು ಶುರು ಮಾಡಿಯೂ ಆಗಿತ್ತು. ಗಂಡನಿಗೆ ಕೆಲಸ ಏನು ಅಂತ ಕೇಳಿದೆ. "ಸರ್ಕಾರಿ ಡ್ರೈವರ್. ಇನ್ನು ಇಲ್ಲ" ಅಂದರು. ಇನ್ನು ಇಲ್ಲ ಅಂದರೆ ಏನು ಅಂತ ಕೇಳಿದಾಗ ಚೀಲದಿಂದ ಆ ಕಾಗದ ತೆಗೆದರು.

ಆ ಪೆನ್ಸಿಲ್ ಗುರುತು ನೋಡಿ ನನಗೆ ಕೂತಲ್ಲೇ ಬೆವರು ಬಂತು. ಕಾರಣ ಹೇಳಲೇಬೇಕು. 2001ರ ಸುಮಾರಿಗೆ ನಮ್ಮ ಕಚೇರಿಯಲ್ಲಿ ಒಬ್ಬ ಜವಾನರಿಗೆ ಎರಡೂ ಕಣ್ಣು ಹೋಯಿತು. ಅವರಿಗೆ ಇಂಥದೇ ಕಾಗದ ಟೈಪ್ ಮಾಡಿಸಿ, ಎಲ್ಲಿ ಹೆಬ್ಬೆಟ್ಟು ಒತ್ತಬೇಕು ಅಂತ ಕೈ ಹಿಡಿದು ತೋರಿಸಿದವಳು ನಾನು. ಆಗಲೂ ಕಾನೂನು ಇತ್ತು. 1995ರ ಅಂಗವಿಕಲರ ಕಾಯ್ದೆಯ ಸೆಕ್ಷನ್ 47 ಅಂಥವರನ್ನು ಕೆಲಸದಿಂದ ತೆಗೆಯಬಾರದು ಅಂತ ಸ್ಪಷ್ಟವಾಗಿ ಹೇಳಿತ್ತು. ನನಗೆ ಗೊತ್ತಿರಲಿಲ್ಲ. ನನ್ನ ಮೇಲಿನವರಿಗೂ ಗೊತ್ತಿರಲಿಲ್ಲ. ಆ ಜವಾನರು ಈಗ ಇಲ್ಲ. ನಾನು ಶನಿವಾರ ಹೋಗಿ ಕೂರಲು ಶುರು ಮಾಡಿದ್ದೇ ಅವರ ನೆನಪಿನಿಂದ.

ಇಷ್ಟಾದರೂ ಡ್ರೈವರಣ್ಣನ ಪ್ರಕರಣದಲ್ಲಿ ನಾವು ಮೊದಲು ಬರೆದ ಅರ್ಜಿ ದುರ್ಬಲವಾಗಿತ್ತು. ಡಿಸೆಂಬರಿನಲ್ಲಿ ಕೊಟ್ಟ ಆ ಅರ್ಜಿಯಲ್ಲಿ ಬಡತನ, ಮಗಳ ಓದು, ಮುದಿ ತಾಯಿ ಎಲ್ಲ ಇತ್ತು. "ಮಾನವೀಯತೆಯ ದೃಷ್ಟಿಯಿಂದ ಲಘು ಕೆಲಸ ಕೊಡಬೇಕಾಗಿ ಬೇಡಿಕೊಳ್ಳುತ್ತೇನೆ" ಅಂತ ಮುಗಿದಿತ್ತು. ಹಕ್ಕು ಇರುವಲ್ಲಿ ನಾವು ದಯೆ ಕೇಳಿದೆವು. ದಯೆ ಕೇಳುವ ಅರ್ಜಿಗೆ ಕಚೇರಿ ಉತ್ತರ ಕೊಡಲೇಬೇಕು ಅಂತೇನಿಲ್ಲ, ಅಲ್ವಾ? ಶಾಸಕರ ಶಿಫಾರಸು ಪತ್ರವನ್ನೂ ಯಾರೋ ತಂದು ಲಗತ್ತಿಸಿದರು. ಒಂದು ತಿಂಗಳು ಹೋಯಿತು. ಜನವರಿ ಕೊನೆಗೆ ರಜೆ ಪೂರ್ತಿ ಮುಗಿದು ಸಂಬಳ ನಿಂತಿತು. ಆ ತಿಂಗಳು ನಾವು ಕಳೆದದ್ದರ ಬೆಲೆಯನ್ನು ಆ ಮನೆ ತೆತ್ತಿತು.

ಕಾನೂನು ಏನು ಹೇಳುತ್ತದೆ

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಈ ಪ್ರಕರಣಕ್ಕೆ ಬೇಕಾದದ್ದು ಅದರ ಸೆಕ್ಷನ್ 20ರ 4ನೇ ಉಪ ಸೆಕ್ಷನ್. ಸಾದಾ ಕನ್ನಡದಲ್ಲಿ ಹೇಳುವುದಾದರೆ ಹೀಗೆ: ಸೇವೆಯಲ್ಲಿ ಇರುವಾಗ ಅಂಗವೈಕಲ್ಯ ಬಂದ ನೌಕರರನ್ನು ಯಾವುದೇ ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯಬಾರದು, ಕೆಳಗಿನ ದರ್ಜೆಗೂ ಇಳಿಸಬಾರದು. ಅವರು ಇದ್ದ ಹುದ್ದೆಯ ಕೆಲಸ ಈಗ ಆಗುವುದಿಲ್ಲ ಅಂತಾದರೆ ಅದೇ ವೇತನ ಶ್ರೇಣಿ, ಅದೇ ಸೇವಾ ಸೌಲಭ್ಯದೊಂದಿಗೆ ಬೇರೆ ಹುದ್ದೆ ಕೊಡಬೇಕು. ಅಂಥ ಹುದ್ದೆ ಇಲ್ಲದಿದ್ದರೆ ಸೂಪರ್‌ನ್ಯೂಮರರಿ ಹುದ್ದೆ ಮಾಡಬೇಕು. ಅಂದರೆ ಮಂಜೂರಾದ ಹುದ್ದೆಗಳ ಲೆಕ್ಕಕ್ಕಿಂತ ಹೆಚ್ಚುವರಿಯಾಗಿ, ಆ ಒಬ್ಬರಿಗಾಗಿಯೇ ಒಂದು ಹುದ್ದೆ. ಸರಿಯಾದ ಹುದ್ದೆ ಸಿಗುವವರೆಗೆ ಅಥವಾ ನಿವೃತ್ತಿಯ ವಯಸ್ಸಿನವರೆಗೆ ಅವರನ್ನು ಅದರಲ್ಲಿ ಇಟ್ಟುಕೊಳ್ಳಬೇಕು.

ಇದರಲ್ಲಿ ಎರಡು ವಿಷಯ ಗಮನಿಸಿ. ಒಂದು, "ಸೇವೆಯಲ್ಲಿ ಇರುವಾಗ" ಅಂತ ಇದೆ. "ಸೇವೆಯ ಕಾರಣದಿಂದ" ಅಂತ ಇಲ್ಲ. ಜೀಪು ಪಲ್ಟಿಯಾಗಿ ಕಾಲು ಹೋದರೂ ಒಂದೇ, ಶುಗರ್‌ನಿಂದ ಹೋದರೂ ಒಂದೇ. ಎರಡು, ಸರ್ಕಾರಿ ಸಂಸ್ಥೆ ಅಂದರೆ ಇಲಾಖೆ ಮಾತ್ರ ಅಲ್ಲ. ನಿಗಮ, ಮಂಡಳಿ, ಪಾಲಿಕೆ, ಪಂಚಾಯತ್, ಸರ್ಕಾರಿ ಕಂಪನಿ, ಸರ್ಕಾರದ ಅನುದಾನ ಪಡೆಯುವ ಸಂಸ್ಥೆ ಎಲ್ಲ ಸೇರುತ್ತವೆ.

ಸುಪ್ರೀಂ ಕೋರ್ಟಿನ ಎರಡು ತೀರ್ಪು ನಮಗೆ ತುಂಬ ಸಹಾಯ ಮಾಡಿದವು. ಎರಡೂ ಹಳೆಯ ಸೆಕ್ಷನ್ 47ರ ಮೇಲೆ ಬಂದವು, ಆದರೆ ತತ್ವ ಅದೇ. 2003ರ ಕುನಾಲ್ ಸಿಂಗ್ ಪ್ರಕರಣದಲ್ಲಿ ಗ್ಯಾಂಗ್ರಿನ್ ಆಗಿ ಎಡಗಾಲು ಕತ್ತರಿಸಬೇಕಾಗಿ ಬಂದ ಕಾನ್‌ಸ್ಟೇಬಲ್ ಒಬ್ಬರನ್ನು ಅನರ್ಹ ಅಂತ ಮನೆಗೆ ಕಳಿಸಿದ್ದರು. ಹಾಗೆ ಕಳಿಸುವಂತಿಲ್ಲ, ಅಶಕ್ತತೆಯ ಪಿಂಚಣಿ ಕೊಟ್ಟಿದ್ದರೂ ಈ ಹಕ್ಕು ಹೋಗುವುದಿಲ್ಲ ಅಂತ ಕೋರ್ಟ್ ಹೇಳಿತು. ಇನ್ನೊಂದು 2008ರ ಭಗವಾನ್ ದಾಸ್ ಪ್ರಕರಣ. ಪಂಜಾಬಿನ ವಿದ್ಯುತ್ ಮಂಡಳಿಯ ಸಹಾಯಕ ಲೈನ್‌ಮ್ಯಾನ್ ಒಬ್ಬರಿಗೆ ದೃಷ್ಟಿ ಹೋಯಿತು. ನನ್ನನ್ನು ನಿವೃತ್ತಿ ಮಾಡಿ ಹೆಂಡತಿಗೆ ಕೆಲಸ ಕೊಡಿ ಅಂತ ಅವರೇ ಪತ್ರ ಬರೆದುಕೊಟ್ಟಿದ್ದರು. ತನಗೆ ಹಕ್ಕಿದೆ ಅನ್ನುವುದೇ ಗೊತ್ತಿಲ್ಲದವರು ಬರೆದ ಪತ್ರ ಅದು, ಸರಿಯಾದ ಕಾನೂನನ್ನು ಅವರಿಗೆ ತಿಳಿಸಬೇಕಾದದ್ದು ಅಧಿಕಾರಿಗಳ ಕರ್ತವ್ಯ ಅಂತ ಕೋರ್ಟ್ ಹೇಳಿತು. ಅವರು ನಿವೃತ್ತಿಯ ದಿನದವರೆಗೂ ಸೇವೆಯಲ್ಲೇ ಇದ್ದರು ಅಂತಲೇ ಲೆಕ್ಕ ಹಿಡಿಯಲು ಆದೇಶಿಸಿತು.

ಈ ತೀರ್ಪನ್ನು ಡ್ರೈವರಣ್ಣನಿಗೆ ಕನ್ನಡದಲ್ಲಿ ವಿವರಿಸುವಾಗ ಅವರು ಒಂದು ಕಡೆ ನನ್ನನ್ನು ನಿಲ್ಲಿಸಿದರು. "ಅವರು ಸೈನ್ ಹಾಕಿದ ಮೇಲೆಯೂ ಸಿಕ್ಕಿತಾ ಮೇಡಂ?" ಸಿಕ್ಕಿತು, ಆದರೆ 1994ರಲ್ಲಿ ಕಣ್ಣು ಹೋದವರಿಗೆ ನ್ಯಾಯ ಬಂದದ್ದು 2008ರಲ್ಲಿ ಅಂದೆ. ಅವರು ಬೆರಳಲ್ಲಿ ವರ್ಷ ಎಣಿಸಿದರು.

ಪ್ರಶ್ನೆಯೇ ತಪ್ಪಾಗಿತ್ತು

ಜನವರಿಯಲ್ಲಿ ಎರಡು ಕೆಲಸ ಒಟ್ಟಿಗೆ ಶುರು ಮಾಡಿದೆವು. ಮೊದಲನೆಯದು ಯುಡಿಐಡಿ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ವೆನ್ಲಾಕ್ ಆಸ್ಪತ್ರೆಯಲ್ಲಿ ತಪಾಸಣೆ ಆಯಿತು. ಶೇ 60 ಅಂಗವೈಕಲ್ಯ ಅಂತ ಶಾಶ್ವತ ಪ್ರಮಾಣಪತ್ರ ಬಂತು. ಶೇ 40ರಿಂದ 80ರೊಳಗಿನವರಿಗೆ ಕೊಡುವ ಹಳದಿ ಪಟ್ಟಿಯ ಕಾರ್ಡು. ಸೆಕ್ಷನ್ 20(4)ರಲ್ಲಿ ಇಷ್ಟೇ ಶೇಕಡಾ ಇರಬೇಕು ಅಂತ ಇಲ್ಲ. ಆದರೂ ಕೈಯಲ್ಲಿ ಕಾರ್ಡು ಇದ್ದರೆ ವಾದ ಮಾಡಬೇಕಾದ ವಿಷಯ ಒಂದು ಕಡಿಮೆ ಆಗುತ್ತದೆ.

ಎರಡನೆಯದು ಮಾಹಿತಿ ಹಕ್ಕಿನ ಅರ್ಜಿ. 10 ರೂಪಾಯಿ ಶುಲ್ಕ. ಮೂರೇ ಮಾಹಿತಿ ಕೇಳಿದೆವು. ವೈದ್ಯಕೀಯ ಮಂಡಳಿಗೆ ಕಚೇರಿ ಬರೆದ ಪತ್ರದ ಪ್ರತಿ, ಸೆಕ್ಷನ್ 21ರಂತೆ ಮಾಡಬೇಕಾದ ಸಮಾನ ಅವಕಾಶ ನೀತಿಯ ಪ್ರತಿ, ಸೆಕ್ಷನ್ 23ರಂತೆ ನೇಮಿಸಬೇಕಾದ ಕುಂದುಕೊರತೆ ಅಧಿಕಾರಿಯ ಹೆಸರು. ಆ ಅಧಿಕಾರಿ ಇದ್ದರೆ ದೂರನ್ನು ದಾಖಲಿಸಿ ಎರಡು ವಾರದೊಳಗೆ ವಿಚಾರಣೆ ಮಾಡಬೇಕು ಅಂತ ಕಾನೂನಿದೆ.

ಫೆಬ್ರವರಿಯಲ್ಲಿ ಉತ್ತರ ಬಂತು. ನೀತಿಯ ಪ್ರತಿ ಲಭ್ಯವಿಲ್ಲ, ಅಧಿಕಾರಿಯ ನೇಮಕ ಆಗಿಲ್ಲ. ಆದರೆ ಮಂಡಳಿಗೆ ಬರೆದ ಪತ್ರದ ಪ್ರತಿ ಸಿಕ್ಕಿತು. ಅದರಲ್ಲಿ ಇದ್ದದ್ದು ಇಷ್ಟೇ: "ಸದರಿಯವರು ಚಾಲಕ ಹುದ್ದೆಯಲ್ಲಿ ಮುಂದುವರಿಯಲು ದೈಹಿಕವಾಗಿ ಅರ್ಹರೇ ಎಂಬ ಬಗ್ಗೆ ವರದಿ ನೀಡಲು ಕೋರಿದೆ."

ಆ ಕಾಗದವನ್ನು ನಾನು ಮೇಜಿನ ಮೇಲೆ ಇಟ್ಟು ತುಂಬ ಹೊತ್ತು ನೋಡಿದೆ. ವೈದ್ಯರದ್ದು ಏನೂ ತಪ್ಪಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದಾರೆ. ಎಡಗಾಲು ಇಲ್ಲದವರು ಕ್ಲಚ್ ಇರುವ ಜೀಪು ಓಡಿಸಬಹುದಾ ಅಂತ ಕೇಳಿದರೆ ಯಾರಾದರೂ ಇಲ್ಲ ಅಂತಲೇ ಹೇಳುತ್ತಾರೆ. ಈ ಮನುಷ್ಯ ಬೇರೆ ಯಾವ ಕೆಲಸ ಮಾಡಬಹುದು ಅಂತ ಯಾರೂ ಅವರನ್ನು ಕೇಳಿಯೇ ಇರಲಿಲ್ಲ. ಡ್ರೈವರಣ್ಣನಿಂದ ಈ ಹುದ್ದೆ ಆಗುವುದಿಲ್ಲ ಅನ್ನುವ ಮಾತು, ಕಡತದಲ್ಲಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುತ್ತಾ, ಡ್ರೈವರಣ್ಣನಿಂದ ಯಾವ ಕೆಲಸವೂ ಆಗುವುದಿಲ್ಲ ಅಂತ ಆಗಿಬಿಟ್ಟಿತ್ತು. ಇಡೀ ಪ್ರಕರಣದ ಗಂಟು ಇರುವುದು ಇಲ್ಲೇ ಅಂತ ಆಗ ಅರ್ಥ ಆಯಿತು.

ಎರಡನೇ ಅರ್ಜಿ ಬೇರೆ ಥರ ಬರೆದೆವು. ಅದರಲ್ಲಿ ಬಡತನದ ಮಾತು ಒಂದೂ ಇರಲಿಲ್ಲ. ಮೂರು ಪ್ಯಾರಾ. ಮೊದಲನೆಯದರಲ್ಲಿ ಯಾವ ದಿನ ಏನಾಯಿತು ಅನ್ನುವ ವಿವರ. ಎರಡನೆಯದರಲ್ಲಿ ಸೆಕ್ಷನ್ 20(4). ಮೂರನೆಯದರಲ್ಲಿ ಎರಡು ಬೇಡಿಕೆ: ನನ್ನನ್ನು ಮತ್ತೆ ಮಂಡಳಿಗೆ ಕಳಿಸಿ, ನಾನು ಯಾವ ಬಗೆಯ ಕೆಲಸ ಮಾಡಲು ಶಕ್ತ ಅಂತ ಕೇಳಿ. ಅದರ ಆಧಾರದ ಮೇಲೆ ಸಮಾನ ವೇತನ ಶ್ರೇಣಿಯ ಹುದ್ದೆಗೆ, ಇಲ್ಲವೇ ಸೂಪರ್‌ನ್ಯೂಮರರಿ ಹುದ್ದೆಗೆ ತೆಗೆದುಕೊಳ್ಳಿ.

ಇದರ ಜೊತೆಗೆ ಇನ್ನೊಂದು ಹಾಳೆ ಲಗತ್ತಿಸಿದೆವು. ಅದನ್ನು ಡ್ರೈವರಣ್ಣನೇ ಕೂತು ಬರೆದದ್ದು. ತನಗೆ ಗೊತ್ತಿರುವ ಕೆಲಸಗಳ ಪಟ್ಟಿ. ವಾಹನದ ಲಾಗ್ ಪುಸ್ತಕ, ಡೀಸೆಲ್ ಲೆಕ್ಕ, ಸರ್ವಿಸಿಂಗ್ ದಿನಾಂಕ, ವಿಮೆ ನವೀಕರಣ, ಟಯರು ಬ್ಯಾಟರಿಗಳ ದಾಸ್ತಾನು, ಟಪಾಲು. ಹಾಳೆಯ ಎರಡು ಬದಿಯೂ ತುಂಬಿತ್ತು. ಬರೆದು ಮುಗಿಸಿದ ಮೇಲೆ ಒಂದು ಸಲ ಓದಿಕೊಂಡರು. "ಇಷ್ಟೆಲ್ಲ ನಾನು ಮಾಡ್ತಿದ್ದೆನಾ ಅಂತ ನನಗೇ ಗೊತ್ತಿರ್ಲಿಲ್ಲ" ಅಂದರು. ಕಾಲು ಹೋದ ಮೇಲೆ ಅವರ ಮುಖದಲ್ಲಿ ಬೆಳಕು ಕಂಡದ್ದು ಅದೇ ಮೊದಲು ಅಂತ ಹೆಂಡತಿ ಆಮೇಲೆ ಹೇಳಿದರು.

ಅರ್ಜಿಯ ಎರಡನೇ ಪ್ರತಿಗೆ ಟಪಾಲು ವಿಭಾಗದ ಸೀಲು, ದಿನಾಂಕ ಹಾಕಿಸಿಕೊಂಡೆವು. ಮೊದಲ ಅರ್ಜಿಗೆ ಇದನ್ನೂ ಮಾಡಿಸಿರಲಿಲ್ಲ.

ಇಲ್ಲ ಅನ್ನುವ ಉತ್ತರ, ಮುಂದಿನ ದಾರಿ

ಮಾರ್ಚಿನಲ್ಲಿ ಲಿಖಿತ ಉತ್ತರ ಬಂತು. ಅಂಗವೈಕಲ್ಯ ಕರ್ತವ್ಯದ ವೇಳೆ ಆದ ಅಪಘಾತದಿಂದ ಬಂದದ್ದಲ್ಲ, ಸಮಾನ ವೇತನ ಶ್ರೇಣಿಯ ಹುದ್ದೆ ಖಾಲಿ ಇಲ್ಲ, ಹಾಗಾಗಿ ಕೋರಿಕೆ ಪರಿಗಣಿಸಲು ಅವಕಾಶವಿಲ್ಲ. ಮನೆಯವರು ಕಂಗಾಲಾದರು. ನನಗೆ ಮಾತ್ರ ಸಮಾಧಾನ ಆಯಿತು. ಎರಡೂ ಕಾರಣ ಕಾನೂನಿನ ಮುಂದೆ ನಿಲ್ಲುವುದಿಲ್ಲ, ಅವುಗಳನ್ನು ಅವರೇ ಸಹಿ ಹಾಕಿ ಬರಹದಲ್ಲಿ ಕೊಟ್ಟಿದ್ದಾರೆ.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆವು. ಅಂಗವಿಕಲ ವ್ಯಕ್ತಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ. 1987ರ ಕಾನೂನಿನಲ್ಲೇ ಅದು ಇದೆ. ಸರ್ಕಾರಿ ನೌಕರರಿಗೆ ಉಚಿತ ವಕೀಲರು ಸಿಗುವುದಿಲ್ಲ ಅಂತ ತುಂಬ ಜನ ಸುಮ್ನೆ ಕೂತುಬಿಡುತ್ತಾರೆ. ಪ್ಯಾನೆಲ್ ವಕೀಲರು ಒಬ್ಬ ಯುವತಿ, ಕಡತವನ್ನು ಎರಡು ಸಲ ಓದಿಯೇ ಮಾತಾಡಿದರು.

ಅವರು ಎರಡು ದಾರಿ ತೋರಿಸಿದರು. ಒಂದು ರಾಜ್ಯ ಸರ್ಕಾರಿ ನೌಕರರ ಸೇವಾ ವಿವಾದಗಳನ್ನು ನೋಡುವ ಕರ್ನಾಟಕ ಆಡಳಿತ ನ್ಯಾಯಮಂಡಳಿ, ಅಂದರೆ ಕೆಎಟಿ. ಅಲ್ಲಿ ಬರುವ ಆದೇಶಕ್ಕೆ ಬಲ ಜಾಸ್ತಿ. ಆದರೆ ಬೆಂಗಳೂರಿಗೆ ಓಡಾಟ, ವಕೀಲರು, ಸಮಯ. ಇನ್ನೊಂದು ಅಂಗವಿಕಲರ ಹಕ್ಕುಗಳ ರಾಜ್ಯ ಆಯುಕ್ತರು. ಅಲ್ಲಿ ಶುಲ್ಕವಿಲ್ಲ, ದೂರನ್ನು ಅಂಚೆಯಲ್ಲಿ ಕಳಿಸಬಹುದು, ವಕೀಲರೇ ಬೇಕೆಂದಿಲ್ಲ. ಅಧಿಕಾರಿಗಳಿಗೆ ಸಮನ್ಸ್ ಕೊಡಲು, ಕಡತ ತರಿಸಲು ಆಯುಕ್ತರಿಗೆ ಸಿವಿಲ್ ಕೋರ್ಟಿನಂಥ ಅಧಿಕಾರ ಇದೆ. ಆದರೆ ಕೊನೆಗೆ ಅವರು ಕೊಡುವುದು ಶಿಫಾರಸು. ಅದರ ಮೇಲೆ ಏನು ಮಾಡಿದೆವು ಅಂತ ಸಂಸ್ಥೆ ಮೂರು ತಿಂಗಳೊಳಗೆ ತಿಳಿಸಬೇಕು, ಒಪ್ಪದಿದ್ದರೆ ಕಾರಣ ಕೊಡಬೇಕು.

ಡ್ರೈವರಣ್ಣ ಆಯ್ಕೆ ಮಾಡಿದ್ದು ಆಯುಕ್ತರನ್ನು. "ಕಚೇರಿಯವರ ಮೇಲೆ ಕೇಸ್ ಹಾಕಿ ಮತ್ತೆ ಅಲ್ಲಿಗೇ ಕೆಲಸಕ್ಕೆ ಹೋಗ್ಲಿಕ್ಕುಂಟಲ್ಲ ಮೇಡಂ" ಅಂದರು. ನನಗೆ ಆ ಕ್ಷಣ ಅದು ಹೆದರಿಕೆಯ ಮಾತು ಅನಿಸಿತ್ತು. ಈಗ ಹಾಗೆ ಅನಿಸುವುದಿಲ್ಲ. ನಿವೃತ್ತಿಗೆ ಇನ್ನೂ ವರ್ಷಗಳಿರುವಾಗ ಅದೇ ಜನರ ನಡುವೆ ಇರಬೇಕಾದವರು ಅವರು. ವಕೀಲರು ಒಪ್ಪಿದರು, ಆದರೆ ಒಂದು ಎಚ್ಚರಿಕೆ ಕೊಟ್ಟರು. ಕೆಎಟಿಗೆ ಹೋಗಬೇಕೆಂದರೆ ಅಂತಿಮ ಆದೇಶದ ದಿನದಿಂದ ಒಂದು ವರ್ಷದೊಳಗೆ ಹೋಗಬೇಕು. ಆಯುಕ್ತರ ಹತ್ತಿರ ದೂರು ಇದೆ ಅಂತ ಆ ದಿನಾಂಕವನ್ನು ಮರೆಯಬಾರದು.

ಆಗಿದ್ದೇನು

ಮಾರ್ಚ್ ಕೊನೆಗೆ ದೂರು ಕಳಿಸಿದೆವು. ಮೇ ತಿಂಗಳಲ್ಲಿ ಕಚೇರಿಗೆ ನೋಟಿಸ್ ಹೋಯಿತು. ವಿಚಾರಣೆಯವರೆಗೆ ಹೋಗಬೇಕಾಗಲೇ ಇಲ್ಲ. ನೋಟಿಸಿಗೆ ಉತ್ತರ ತಯಾರು ಮಾಡಲು ಕಡತ ಕೇಂದ್ರ ಕಚೇರಿಯ ಕಾನೂನು ವಿಭಾಗಕ್ಕೆ ಹೋಗಿತ್ತು. ಅಲ್ಲಿ ಯಾರೋ ಒಬ್ಬರು ಸೆಕ್ಷನ್ 20(4)ನ್ನು ಓದಿ, ನಾವು ಕೇಳಿದ್ದನ್ನೇ ಮಾಡಿ ಅಂತ ಬರೆದರು. ಅವರು ಯಾರು ಅಂತ ಇವತ್ತಿಗೂ ನಮಗೆ ಗೊತ್ತಿಲ್ಲ. ಅವರಿಗೆ ನನ್ನ ಕೃತಜ್ಞತೆ ಇದೆ.

ಮಂಡಳಿಗೆ ಎರಡನೇ ಸಲ ಕಳಿಸುವಾಗ ಪತ್ರದಲ್ಲಿ ಪ್ರಶ್ನೆ ಬದಲಾಗಿತ್ತು. ಉತ್ತರವೂ ಬದಲಾಯಿತು. ಕುಳಿತು ಮಾಡುವ ಕೆಲಸಕ್ಕೆ ಅರ್ಹರು, ತುಂಬ ಹೊತ್ತು ನಿಲ್ಲುವ ಮತ್ತು ಭಾರ ಎತ್ತುವ ಕೆಲಸ ಬೇಡ. ಅದೇ ಆಸ್ಪತ್ರೆ, ಅದೇ ಮನುಷ್ಯ, ಅದೇ ಕಾಲು.

ಜೂನ್ ಮಧ್ಯದಲ್ಲಿ ಆದೇಶ ಬಂತು. ವಾಹನ ಮತ್ತು ದಾಸ್ತಾನು ಶಾಖೆಯಲ್ಲಿ ಕೆಲಸ, ಚಾಲಕರ ವೇತನ ಶ್ರೇಣಿಯೇ ಮುಂದುವರಿಕೆ. ಕಾಲು ತೆಗೆದು 11 ತಿಂಗಳಾಗಿತ್ತು. ಆದೇಶ ಕೊಡುವಾಗ ಸೂಪರಿಂಟೆಂಡೆಂಟರು ಡ್ರೈವರಣ್ಣನ ಕೈ ಹಿಡಿದು, "ನನಗೆ ಗೊತ್ತಿರ್ಲಿಲ್ಲ ಮಾರಾಯ" ಅಂದರಂತೆ. ಅವರ ಕಚೇರಿಯಲ್ಲಿ ಈಗ ಕುಂದುಕೊರತೆ ಅಧಿಕಾರಿಯ ನೇಮಕ ಆಗಿದೆ.

ಆದೇಶ ಬಂದ ಮೇಲೆ ಕಷ್ಟ ಮುಗಿಯಿತು ಅಂತ ನಾವು ಅಂದುಕೊಂಡಿದ್ದೆವು. ಶಾಖೆ ಇದ್ದದ್ದು ಮೊದಲನೇ ಮಹಡಿಯಲ್ಲಿ. 22 ಮೆಟ್ಟಿಲು, ಒಂದೇ ಕಡೆ ಕೈಹಿಡಿ. ಕತ್ತರಿಸಿದ ಕಾಲು ದಿನ ಕಳೆದಂತೆ ಸಪೂರ ಆಗುತ್ತದೆ, ಕೃತಕ ಕಾಲಿನ ಬಟ್ಟಲು ಸಡಿಲ ಆಗುತ್ತದೆ. ಡ್ರೈವರಣ್ಣ ಬೆಳಿಗ್ಗೆ ಒಂದು ಕಾಲುಚೀಲ ಹಾಕಿ ಹೊರಟರೆ ಸಂಜೆಗೆ ಮೂರು ಹಾಕಿಕೊಂಡು ಬಿಗಿ ಮಾಡಬೇಕಿತ್ತು. ಮಳೆಗಾಲದಲ್ಲಿ ಬೆವರು, ತೇವ ಸೇರಿ ಚರ್ಮ ಕಿತ್ತು ಬಂತು. ಶುಗರ್ ಇರುವವರಿಗೆ ಅಂಥ ಗಾಯ ಅಂದರೆ ಮತ್ತೆ ಮೊದಲಿನ ಭಯವೇ. ಸೆಕ್ಷನ್ 20(2) ಇರುವುದು ಇದಕ್ಕೇ. ತಡೆಯಿಲ್ಲದ ವಾತಾವರಣ, ಅಗತ್ಯವಾದ ಅನುಕೂಲ ಮಾಡಿಕೊಡುವುದು ಸರ್ಕಾರಿ ಸಂಸ್ಥೆಯ ಹೊಣೆ. ಒಂದು ಪುಟದ ಅರ್ಜಿ ಕೊಟ್ಟೆವು. ಈ ಸಲ ಎರಡೇ ವಾರದಲ್ಲಿ ಅವರ ಮೇಜು ನೆಲಮಹಡಿಗೆ ಬಂತು. ಶೌಚಾಲಯದ ಬಾಗಿಲಲ್ಲಿ ಒಂದು ಎತ್ತರದ ಹೊಸ್ತಿಲು ಇನ್ನೂ ಇದೆ.

ಬಸ್ಸಿನ ವಿಷಯ ಹೇಳಿದರೆ ಹೊರಗಿನವರಿಗೆ ಆಶ್ಚರ್ಯ ಆಗಬಹುದು. ಕೆಎಸ್‌ಆರ್‌ಟಿಸಿಯಲ್ಲಿ ವಾಸದ ಊರಿನಿಂದ 100 ಕಿಲೋಮೀಟರ್ ಒಳಗೆ ಓಡಾಡಲು ರಿಯಾಯಿತಿ ಪಾಸ್ ಸಿಗುತ್ತದೆ. ಡ್ರೈವರಣ್ಣನ ಊರಿನ ರೂಟಿನಲ್ಲಿ ಓಡುವುದೆಲ್ಲ ಖಾಸಗಿ ಬಸ್. ಪಾಸು ಮನೆಯ ಕಪಾಟಿನಲ್ಲಿದೆ. ಎತ್ತರದ ಫುಟ್‌ಬೋರ್ಡ್, ಕಾಲು ಮೇಲಿಡುವ ಮೊದಲೇ "ರೈಟ್ ಪೋಯಿ" (ತುಳುವಿನಲ್ಲಿ, ರೈಟ್ ಹೋಗುವ) ಅನ್ನುವ ಅವಸರ. ಆ ರೂಟಿನ ಕಂಡಕ್ಟರುಗಳು ಈಗ ಅವರನ್ನು ಗುರುತು ಹಿಡಿದು ಕಾಯುತ್ತಾರೆ. ಬೇರೆ ರೂಟಿನಲ್ಲಿ ಬೇರೆ ಯಾರೋ ಹೀಗೆ ಹತ್ತುತ್ತಿರುತ್ತಾರೆ, ಅವರಿಗೆ ಯಾರು ಕಾಯುತ್ತಾರೆ ಅಂತ ನಾನು ಯೋಚಿಸುತ್ತೇನೆ.

ಆದಾಯ ತೆರಿಗೆಯಲ್ಲಿ ಹಳೆಯ ಪದ್ಧತಿ ಆರಿಸಿಕೊಂಡವರಿಗೆ ಸೆಕ್ಷನ್ 80ಯು ಪ್ರಕಾರ 75,000 ರೂಪಾಯಿಯ ಕಡಿತ ಇತ್ತು, ಶೇ 80 ಅಥವಾ ಅದಕ್ಕಿಂತ ಜಾಸ್ತಿ ಇರುವವರಿಗೆ 1,25,000. ಅದನ್ನೂ, ಅಂಗವಿಕಲ ನೌಕರರ ವಾಹನ ಭತ್ಯೆಯನ್ನೂ ಕೇಳಿ ಬರೆದುಕೊಟ್ಟೆವು. ಇವು ಕಷ್ಟ ಆಗಲಿಲ್ಲ.

ಇಂಥ ಪ್ರಕರಣ ನಿಮ್ಮ ಹತ್ತಿರ ಬಂದರೆ

ಈಚೆಗೆ ಉಡುಪಿ, ಕುಂದಾಪುರ ಕಡೆಯಿಂದಲೂ ಕೆಲವರು ಫೋನ್ ಮಾಡುತ್ತಾರೆ. ನಾನು ಮೊದಲು ಕೇಳುವುದು ಸಹಿ ಹಾಕಿದ್ದೀರಾ ಅಂತ. ಹಾಕದಿದ್ದರೆ ಹಾಕಬೇಡಿ. ಹಾಕಿದ್ದರೂ ದಾರಿ ಮುಚ್ಚಿಲ್ಲ, ಭಗವಾನ್ ದಾಸ್ ತೀರ್ಪು ಇದೆ, ಆದರೆ ದೂರದ ದಾರಿ. ಎರಡನೆಯದಾಗಿ ಮಂಡಳಿಗೆ ಹೋದ ಪತ್ರದ ಪ್ರತಿ ತರಿಸಿ ಅನ್ನುತ್ತೇನೆ. ಡ್ರೈವರಣ್ಣನ ವಿಷಯದಲ್ಲಿ ವರದಿಯ ಜೊತೆ ಜಗಳ ಮಾಡಿದ್ದರೆ ನಾವು ಸೋಲುತ್ತಿದ್ದೆವು. ಯಾಕೆಂದರೆ ವರದಿ ಸರಿಯಾಗಿಯೇ ಇತ್ತು.

ನೌಕರರು ತಮ್ಮ ಕೈಯಿಂದಲೇ ಆ ಕೆಲಸಗಳ ಪಟ್ಟಿ ಬರೆಯುವುದನ್ನು ತಪ್ಪಿಸಲು ನಾನು ಈಗ ಯಾರಿಗೂ ಬಿಡುವುದಿಲ್ಲ. ಕಚೇರಿಗೆ ಅದು ಉಪಯೋಗ ಆಗುತ್ತದೆ, ಹುದ್ದೆ ಹುಡುಕುವ ಕೆಲಸವನ್ನು ನಾವೇ ಅರ್ಧ ಮಾಡಿಕೊಟ್ಟಂತೆ. ಬರೆಯುವವರಿಗೆ ಅದಕ್ಕಿಂತ ಜಾಸ್ತಿ ಉಪಯೋಗ ಆಗುತ್ತದೆ.

ಖಾಸಗಿ ಕೆಲಸದಲ್ಲಿ ಇರುವವರು ಕೇಳಿದಾಗ ಮಾತ್ರ ನನಗೆ ಕಷ್ಟ ಆಗುತ್ತದೆ. ಸೆಕ್ಷನ್ 20(4) ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಖಾಸಗಿ ಸಂಸ್ಥೆಗೂ ಸಮಾನ ಅವಕಾಶ ನೀತಿ ಇರಬೇಕು, ಆದರೆ ಹುದ್ದೆ ಉಳಿಸಿಕೊಡುವ ಇಂಥ ಗಟ್ಟಿ ಮಾತು ಅವರಿಗೆ ಇಲ್ಲ. ಸರ್ಕಾರಿ ಕಚೇರಿಯಲ್ಲೇ ಹೊರಗುತ್ತಿಗೆಯಲ್ಲಿ ಜೀಪು ಓಡಿಸುವವರನ್ನು ನಮ್ಮ ನೌಕರ ಅಲ್ಲ, ಏಜೆನ್ಸಿಯವರು ಅಂತ ಕೈ ಬಿಡುತ್ತಾರೆ. ಡ್ರೈವರಣ್ಣನ ಜಾಗಕ್ಕೆ ಈಗ ಬಂದಿರುವ ಹುಡುಗ ಅಂಥವನೇ. ಅದೇ ಮಳೆಯಲ್ಲಿ ಅದೇ ಜೀಪು. ಅವನಿಗೇನಾದರೂ ಆದರೆ ನಾನು ಯಾವ ಸೆಕ್ಷನ್ ಬರೆಯಲಿ? ಇದು ಬದಲಾಗಬೇಕು.

ಸಂಬಳ ಇಲ್ಲದ ಆ ನಾಲ್ಕೂವರೆ ತಿಂಗಳ ವಿಷಯ ಇನ್ನೂ ಮುಗಿದಿಲ್ಲ. ಕಚೇರಿ ಅದನ್ನು ವೇತನರಹಿತ ರಜೆ ಅಂತ ಬರೆದಿದೆ. ಬೇರೆ ಹುದ್ದೆ ಕೊಡಬೇಕಾದದ್ದು ಅವರ ಹೊಣೆ, ತಡ ಆದದ್ದೂ ಅವರಿಂದ, ಹಾಗಾಗಿ ಆ ಅವಧಿಯನ್ನು ಕರ್ತವ್ಯ ಅಂತಲೇ ಪರಿಗಣಿಸಬೇಕು ಅಂತ ನಮ್ಮ ವಾದ. ಹೊಸ ಕುಂದುಕೊರತೆ ಅಧಿಕಾರಿಗೆ ದೂರು ಕೊಟ್ಟಿದ್ದೇವೆ. ಅಲ್ಲಿ ಆಗದಿದ್ದರೆ ಅಂಗವಿಕಲರಿಗಾಗಿ ಇರುವ ಜಿಲ್ಲಾ ಮಟ್ಟದ ಸಮಿತಿ, ಅದೂ ಆಗದಿದ್ದರೆ ಕೆಎಟಿ. ಕೆಎಟಿಗೆ ಹೋಗಲು ಇರುವ ಕೊನೆಯ ದಿನಾಂಕಕ್ಕೆ ಅವರ ಚಾವಡಿಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನ ಗುರುತು ಇದೆ. ಹಾಕಿದ್ದು ಡ್ರೈವರಣ್ಣನೇ.